ಅಳತೆ ಅತ್ತೆ ಒಂಬತ್ತು ಅಂದ ದಿನ

ನಮ್ಮತ್ತೆ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರಿನವರು ಅವಳನ್ನು ಬಲು ಗಟ್ಟಿಗಿತ್ತಿ ಎಂದುಕೊಂಡೇ ಮೂವತ್ತೊಂದು ವರ್ಷ ಕಳೆದರು. ಹಲ್ಲಿ ಕಂಡರೆ ಮಂಚ ಹತ್ತುವವಳು, ಕುಕ್ಕರ್ ಕೂಗಿದರೆ ಎದೆ ಹಿಡಿದುಕೊಳ್ಳುವವಳು, ಫೋನ್ ಹೊಡೆದುಕೊಂಡರೆ "ಯಾರಿಗೇನಾಯ್ತೋ" ಎಂದು ಎರಡು ಸಲ ಕೈ ಒರೆಸಿಕೊಂಡು ಆಮೇಲೆ ಎತ್ತುವವಳು. ಹಗ್ಗ ಕಂಡರೂ ಹಾವು ಅನ್ನುವ ಪೈಕಿ. ಅಂಥವಳಿಗೆ ಹೊಳೆ ಕಾಯುವ ಕೆಲಸ ಸಿಕ್ಕಿತು ನೋಡಿ.

ಕೆಲಸ ನಮ್ಮ ತಾತನದು, ಅಂದರೆ ಅತ್ತೆಯ ಅಪ್ಪನದು. ಸೇತುವೆಯ ಮೂರನೇ ಕಂಬಕ್ಕೆ ಅಡಿ, ಅಂಗುಲ ಬರೆದ ಕಬ್ಬಿಣದ ಪಟ್ಟಿ ಜಡಿದಿದ್ದರು. ದಿನಕ್ಕೆ ಮೂರು ಹೊತ್ತು, ಹೊಳೆ ಏರಿದಾಗ ಗಂಟೆಗೊಂದು ಸಲ, ನೀರು ಎಷ್ಟನೇ ಅಡಿಗೆ ಬಂದಿದೆ ಎಂದು ನೋಡಿ ಪುಸ್ತಕದಲ್ಲಿ ಬರೆದು, ದೂರದ ನೀರಿನ ಆಫೀಸಿಗೆ ಫೋನ್ ಮಾಡಿ ಹೇಳಬೇಕು. ತಾತನ ಕಣ್ಣಿಗೆ ಪೊರೆ ಬಂದಾಗ ಅತ್ತೆಗೆ ಇಪ್ಪತ್ನಾಲ್ಕು. ಬೇರೆಯವರು ಸಿಗುವ ತನಕ ನಾಲ್ಕು ದಿನ ನೀನೇ ನೋಡು ಎಂದರಂತೆ. ಬೇರೆಯವರು ಸಿಗಲೇ ಇಲ್ಲ. ಮದುವೆಯ ಮಾತು ಬಂದಾಗಲೆಲ್ಲ ಮಳೆಗಾಲವೂ ಬರುತ್ತಿತ್ತು. ಮಳೆಗಾಲ ಮುಗಿದು ಇವಳು ತಲೆ ಬಾಚಿಕೊಳ್ಳುವಷ್ಟರಲ್ಲಿ ಗಂಡಿನವರು ಇನ್ನೊಂದು ಮನೆ ನೋಡಿರುತ್ತಿದ್ದರು. ಆಮೇಲೆ ನಮ್ಮ ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದರು. ಅಕ್ಕನೂ ನಾನೂ ಅತ್ತೆಯ ಮಡಿಲಿಗೆ ಬಿದ್ದೆವು. ಅಕ್ಕನಿಗೆ ಚಿಕ್ಕಂದಿನಿಂದ ಎರಡು ಕಾಲೂ ಸ್ವಾಧೀನವಿಲ್ಲ, ನನಗೆ ಮೂಗಿನ ತುದಿಯಲ್ಲೇ ಕೋಪ. ಸಾಕುವುದಕ್ಕೆ ಎರಡರಲ್ಲಿ ಯಾವುದು ಹೆಚ್ಚು ಕಷ್ಟವಾಯಿತೆಂದು ಅವಳನ್ನೇ ಕೇಳಬೇಕು.

ಊರಿನ ಕಥೆ ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮೂರು ಮೊದಲು ಊರೇ ಅಲ್ಲ, ಹೊಳೆ ಮಧ್ಯದ ಒಂದು ಬಂಡೆ. ಹೊಳೆ ಅದರ ಮುಂದೊಂದು ಕವಲು, ಹಿಂದೊಂದು ಕವಲಾಗಿ ಹರಿಯುತ್ತಿತ್ತು. ದೋಣಿಯವರು ಬಂಡೆಯ ಮೇಲೆ ಗುಡಿಸಲು ಹಾಕಿದರು, ದೋಣಿ ಹತ್ತುವವರಿಗಾಗಿ ಅಂಗಡಿ ಬಂತು, ಅಂಗಡಿಯಿಂದ ಪೇಟೆಯಾಯಿತು, ಬಂಡೆಯ ನೆತ್ತಿಯ ಮೇಲೆ ಯಾವನೋ ದೊರೆ ಧಾನ್ಯ ತುಂಬಲು ಕಲ್ಲಿನ ಉಗ್ರಾಣ ಕಟ್ಟಿಸಿದ. ಬರಬರುತ್ತ ಹಿಂದಿನ ಕವಲು ಹೂಳು ತುಂಬಿ ಒಣಗಿತು. ಅಲ್ಲಿ ಇಟ್ಟಿಗೆ ಗೂಡಿನ ಚೂರು ಸುರಿದರು, ಮಣ್ಣು ಸುರಿದರು, ಕೊನೆಗೆ ಮನೆ ಕಟ್ಟಿದರು. ಅದೇ ಹಿಂದಿನ ಬೀದಿ. ಅಲ್ಲಿ ಬಾವಿ ತೋಡಿದರೆ ಈಗಲೂ ಕಪ್ಪೆಚಿಪ್ಪು ಸಿಗುತ್ತದೆ. ಒಮ್ಮೆ ಕೊಳೆತ ದೋಣಿಯ ಹಲಗೆಯೂ ಸಿಕ್ಕಿತ್ತು. ಹೊಳೆ ತನ್ನ ಹಳೇ ದಾರಿ ಮರೆಯಲ್ಲ ಕಣೆ ಎಂದು ತಾತ ಹೇಳುತ್ತಿದ್ದ. ನಿಜವೇ. ಪ್ರವಾಹ ಬಂದರೆ ನಮ್ಮೂರಿಗೆ ನೀರು ಎದುರಿನಿಂದ ನುಗ್ಗುವುದಿಲ್ಲ. ಊರಿನಾಚೆಯ ದಿಬ್ಬ ಹತ್ತಿ, ಸುತ್ತು ಹಾಕಿ, ಹಿಂದಿನ ಬೀದಿಗೆ ಇಳಿಯುತ್ತದೆ. ಅಲ್ಲಿಯವರಿಗೆ ಹೊಳೆ ಕಣ್ಣಿಗೇ ಬೀಳುವುದಿಲ್ಲ. ಅವರಿಗೆ ಗೊತ್ತಾಗುವುದು ಅತ್ತೆ ಮೈಕಿನಲ್ಲಿ ಕೂಗಿ ಹೇಳಿದಾಗ ಮಾತ್ರ.

ನಮ್ಮಕ್ಕನ ಮನೆ ಅದೇ ಬೀದಿಯ ತಗ್ಗಿನಲ್ಲಿತ್ತು. ಕೈಯಲ್ಲಿ ತಿರುಗಿಸುವ ಮಷಿನ್ನಿನಲ್ಲಿ ಬಟ್ಟೆ ಹೊಲಿದು ತನ್ನ ಹೊಟ್ಟೆ ತಾನು ಹೊರೆಯುವವಳು. ಊರುಗೋಲು ಊರಿಕೊಂಡು ಬೀದಿ ದಾಟಿ ಪೇಟೆ ಹತ್ತಲು ಅವಳಿಗೆ ಮುಕ್ಕಾಲು ಗಂಟೆ ಬೇಕು. ನಮ್ಮ ಜೊತೆ ಮೇಲೇ ಇರು ಎಂದರೆ, "ಅತ್ತೆ ಮೈಕಲ್ಲಿ ಹೇಳ್ತಾಳಲ್ಲ, ಎದ್ದು ಬರ್ತೀನಿ" ಎನ್ನುತ್ತಿದ್ದಳು.

ಊರಿನವರಿಗೆ ಅಡಿ ಅಂಗುಲ ಬೇಕಿಲ್ಲ. ಮೂವತ್ತೊಂದು ಅಡಿ ಎಂದರೆ ಮುಖ ಮುಖ ನೋಡುತ್ತಾರೆ. ಹೊಳೆಯಿಂದ ಪೇಟೆಯ ಬಾಯಿಗೆ ನಲವತ್ತು ಕಲ್ಲಿನ ಮೆಟ್ಟಿಲು, ಒಂದೊಂದೂ ಒಂದೊಂದು ಅಡಿ ಎತ್ತರ, ತುದಿಯ ಮೆಟ್ಟಿಲಿಗೆ ಪಟ್ಟಿಯ ನಲವತ್ತನೇ ಅಡಿ ಸರಿಸಮ. ಎಷ್ಟು ಮೆಟ್ಟಿಲು ಉಳಿದಿದೆ ಎಂದು ಕೇಳುವುದೇ ಇಲ್ಲಿಯ ರೂಢಿ. ಹತ್ತು ಉಳಿದರೆ ಗಂಟು ಕಟ್ಟು, ಐದು ಉಳಿದರೆ ಎದ್ದು ನಡೆ. ಎದ್ದು ನಡೆಯುವುದೆಂದರೆ ಮೇಲಿನ ಉಗ್ರಾಣಕ್ಕೆ. ಅತ್ತೆ ಆಫೀಸಿಗೆ ಅಡಿ ಹೇಳುತ್ತಿದ್ದಳು, ಮೆಟ್ಟಿಲ ತಲೆಯ ಮೇಲಿದ್ದ ತಗಡಿನ ಕೋಣೆಯಲ್ಲಿ ಕೂತು ಮೈಕಿನಲ್ಲಿ ಊರಿಗೆ ಮೆಟ್ಟಿಲು ಹೇಳುತ್ತಿದ್ದಳು. ಮೂರು ಮೂರು ಸಲ ಎಣಿಸುತ್ತಿದ್ದಳು, ಭಯಕ್ಕೆ. ಒಂದು ಸಲವೂ ತಪ್ಪಲಿಲ್ಲ. ಹಾಗಾಗಿ ಅವಳು ಊರಿಗೆಲ್ಲ ಅಳತೆ ಅತ್ತೆ.

ಆ ವರ್ಷ ಬೇಸಿಗೆಯಲ್ಲಿ ಮೆಟ್ಟಿಲು ರಿಪೇರಿ ಮಾಡಿದರು. ವಯಸ್ಸಾದವರಿಗೆ ಹತ್ತಲಾಗುವುದಿಲ್ಲ ಎಂಬ ದೂರು ಬಹಳ ದಿನದ್ದು. ಮೇಲಿನ ಇಪ್ಪತ್ತು ಮೆಟ್ಟಿಲು ಕಿತ್ತು, ನುಣುಪು ಕಲ್ಲು ಹಾಸಿ, ಹತ್ತಿದ್ದೇ ಗೊತ್ತಾಗದ ಹಾಗೆ ಕಟ್ಟಿದರು. ಅತ್ತೆ ಮೇಸ್ತ್ರಿಯನ್ನು ಕರೆದು ಟೀ ಕೊಟ್ಟು, "ನನ್ನ ಮಂಡಿಗೆ ಪುಣ್ಯ ಕಟ್ಕೊಂಡ್ರಿ" ಎಂದಳು. ನಾನು ಸ್ಕೂಲಿನಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಟೀಚರ್. ನಾನೂ ದಿನಾ ಆ ಮೆಟ್ಟಿಲು ಹತ್ತಿ ಇಳಿದೆ, ಹಾಯಾಗಿದೆ ಅಂದುಕೊಂಡೆ. ಕಣ್ಣಿದ್ದೂ ಕುರುಡಿ. ಹನ್ನೊಂದು ವರ್ಷದಿಂದ ಹೊಳೆ ಮೇಲಿನ ಮೆಟ್ಟಿಲು ಮುಟ್ಟಿರಲಿಲ್ಲ. ಎಣಿಸುವ ಪ್ರಮೇಯವೇ ಯಾರಿಗೂ ಬಂದಿರಲಿಲ್ಲ.

ಮಳೆಗಾಲದಲ್ಲಿ ಮೇಲಿನ ಸೀಮೆಯಲ್ಲಿ ಮೂರು ದಿನ ಬಿಡದೆ ಸುರಿಯಿತು. ನಾಲ್ಕನೆಯ ದಿನ ಸ್ಕೂಲಿಗೆ ರಜೆ ಕೊಟ್ಟರು. ನಾನು ಬುತ್ತಿ ತೆಗೆದುಕೊಂಡು ಅತ್ತೆಯ ತಗಡಿನ ಕೋಣೆಗೆ ಹೋದಾಗ ಬೆಳಗಿನ ಹನ್ನೊಂದು. ಹೊಳೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಬೇರು ಸಮೇತ ಒಂದು ಮರ ತಿರುಗುತ್ತ ಹೋಯಿತು, ಅದರ ಮೇಲೊಂದು ಕೋಳಿ ಕೂತಿತ್ತು. ಅತ್ತೆ ಬಾಗಿಲಲ್ಲಿ ನಿಂತು ಬೆರಳು ಮಡಚುತ್ತಿದ್ದಳು. ಆರು ಗಂಟೆಗೆ ಇಪ್ಪತ್ತೆರಡು ಉಳಿದಿತ್ತಂತೆ, ಒಂಬತ್ತಕ್ಕೆ ಹದಿನಾಲ್ಕು. ಈಗ ಮೂರನೇ ಸಲ ಎಣಿಸಿ ಮುಗಿಸಿ ಮೈಕು ಹಿಡಿದಳು.

"ಒಂಬತ್ತು ಮೆಟ್ಟಿಲು ಉಳಿದಿದೆ. ಹಿಂದಿನ ಬೀದಿಯವರು ಗಂಟು ಕಟ್ಕೊಳ್ಳಿ. ಇನ್ನೂ ನಾಕು ಮೆಟ್ಟಿಲು ಹೊತ್ತಿದೆ, ಗಾಬರಿ ಬೇಡ."

"ಗಾಬರಿ ಬೇಡ ಅನ್ನೋದನ್ನ ಇಷ್ಟು ಗಾಬರಿಯಲ್ಲಿ ಹೇಳೋದು ನಿನ್ನ ಹತ್ರ ಕಲೀಬೇಕು" ಎಂದೆ.

"ನೀನು ಸುಮ್ನಿರು. ಅಕ್ಕನಿಗೆ ಕೇಳಿಸಿರುತ್ತಲ್ವಾ?"

"ಸತ್ತವರಿಗೂ ಕೇಳಿಸಿರುತ್ತೆ."

ಆಮೇಲೆ ಕಂಬದ ಪಟ್ಟಿ ನೋಡಿಕೊಂಡು ಬಂದು ಬರೆದಳು, ಆಫೀಸಿಗೆ ಫೋನ್ ಮಾಡಿದಳು. ಮೂವತ್ತೈದೂವರೆ ಎಂದಳು. ಸಾಮಾನ್ಯವಾಗಿ ಆ ಕಡೆಯ ಗುಮಾಸ್ತ ಸರಿ ಎಂದು ಇಟ್ಟುಬಿಡುತ್ತಿದ್ದ. ಅವತ್ತು ಇಡಲಿಲ್ಲ. ಅವನ ಗಂಟಲು ದೊಡ್ಡದು, ನನಗೂ ಕೇಳುತ್ತಿತ್ತು.

"ಎಲ್ಲರೂ ಮೇಲೆ ಹೋದ್ರಾ ಅಮ್ಮ?"

"ಯಾಕಪ್ಪ? ಗಂಟು ಕಟ್ತಿದಾರೆ."

"ಅಲ್ಲ, ಮೂವತ್ತೈದಕ್ಕೇ ಎಬ್ಬಿಸಿದ್ರಿ ಅಂತ ಹೋದ ಸಲದ್ದು ಇಲ್ಲಿ ಬರೆದಿದೆ. ಈಗ ದಾಟಿದೆಯಲ್ಲ. ಇನ್ನೂ ಬರ್ತಾ ಇದೆ ನೋಡಿ, ಮೇಲಿಂದ."

"ಇಲ್ಲಪ್ಪ, ಇನ್ನೂ ಒಂಬತ್ತು..." ಎಂದವಳು ಅಲ್ಲಿಗೇ ನಿಂತಳು. ಫೋನ್ ಕಿವಿಯಲ್ಲೇ ಇತ್ತು. ನಲವತ್ತರಲ್ಲಿ ಒಂಬತ್ತು ಕಳೆದರೆ ಮೂವತ್ತೊಂದು ಎಂದು ಅವಳ ತುಟಿ ಅಲ್ಲಾಡಿದ್ದನ್ನು ನಾನು ನೋಡಿದೆ.

"ಪಟ್ಟಿ ಜಾರಿರಬೇಕು ಕಣೆ" ಎಂದಳು.

"ಕಬ್ಬಿಣದ ಪಟ್ಟಿ ಜಾರೋದಕ್ಕೆ ಅದೇನು ನಿನ್ನ ಕನ್ನಡಕವಾ?" ಎಂದು ರೇಗಿ ಹೊರಗೆ ಹೋದೆ. ನೀರಿನ ಅಂಚಿಗೆ ಇಳಿದು ಒಂದು ಮೆಟ್ಟಿಲಿಗೆ ಕೈಯಗಲಿಸಿ ಹಿಡಿದೆ. ಗೇಣೂ ಇರಲಿಲ್ಲ. ಅದರ ಮೇಲಿನದಕ್ಕೆ ಹಿಡಿದೆ. ಅದೂ ಅಷ್ಟೇ. ಒಂದು ಮೆಟ್ಟಿಲಿದ್ದ ಜಾಗದಲ್ಲಿ ಎರಡು ಕಟ್ಟಿದ್ದರು. ಒಂಬತ್ತು ಅಂದರೆ ನಾಲ್ಕೂವರೆ. ಎದ್ದು ನಡೆಯಬೇಕಾದ ಹೊತ್ತು ಆಗಲೇ ಕಳೆದಿತ್ತು. ಇಲ್ಲಿ ಮೇಲಿನ ಮೆಟ್ಟಿಲು ಒಣಗಿರುವಾಗಲೇ ಅಲ್ಲಿ ಹಿಂದೆ ನೀರು ದಿಬ್ಬ ಹತ್ತುತ್ತಿತ್ತು.

ಹೇಳಿದೆ. ಅತ್ತೆ ಅಲ್ಲೇ ನೆಲಕ್ಕೆ ಕುಸಿದು ಕೂತಳು. ಬೈದೆನೋ ಬೇಡಿಕೊಂಡೆನೋ ನೆನಪಿಲ್ಲ. ರಟ್ಟೆ ಹಿಡಿದು ಎಬ್ಬಿಸಿ ಮೈಕಿನ ಮುಂದೆ ನಿಲ್ಲಿಸಿದೆ. ಬಟನ್ ಒತ್ತಿದಳು. ಮೈಕು ಸತ್ತಿತ್ತು. ದೀಪವೂ ಇಲ್ಲ, ಫ್ಯಾನೂ ಇಲ್ಲ. ಊರಿಗೆ ಊರೇ ಕರೆಂಟ್ ಹೋಗಿತ್ತು.

ಅತ್ತೆ ಓಡಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಐವತ್ತೈದು ವರ್ಷದ ಹೆಂಗಸು, ಚಪ್ಪಲಿ ಎಲ್ಲೋ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೇಟೆಯ ಏರು ಹತ್ತಿ ಆ ಕಡೆ ಇಳಿದಳು. ಜೀವ ಕೈಯಲ್ಲಿ ಹಿಡಿದುಕೊಂಡು ಅನ್ನುತ್ತಾರಲ್ಲ, ಹಾಗೆ ಓಡಿದಳು. ಉದ್ದಕ್ಕೂ "ಅವಳಿಗೆ ಮುಕ್ಕಾಲು ಗಂಟೆ ಬೇಕು, ಮುಕ್ಕಾಲು ಗಂಟೆ ಬೇಕು" ಎನ್ನುತ್ತಿದ್ದಳು. ನನಗೂ ತಲೆಯಲ್ಲಿ ಅದೊಂದೇ. ಕಾಲಿಲ್ಲದವಳು, ನೀರು, ಅತ್ತೆಯ ಮಾತು ನಂಬಿ ಕೂತಿದ್ದಾಳೆ.

ಹಿಂದಿನ ಬೀದಿ ಒಣಗಿತ್ತು. ಅದನ್ನು ಕಂಡು ನನಗೆ ಇನ್ನೂ ಭಯವಾಯಿತು. ಜನ ನಿಧಾನವಾಗಿ ಪಾತ್ರೆ ಕಟ್ಟುತ್ತಿದ್ದರು, ಒಬ್ಬಳು ಮಗುವಿಗೆ ಊಟ ಮಾಡಿಸುತ್ತಿದ್ದಳು. ಇಸ್ತ್ರಿ ಅಂಗಡಿಯಣ್ಣ ಮಡಚಿದ ಬಟ್ಟೆಗೆ ಪ್ಲಾಸ್ಟಿಕ್ ಸುತ್ತುತ್ತ ನಿಂತಿದ್ದ.

"ಏಳಿ, ಏಳಿ, ನೀರು ಬಂತು" ಎಂದು ಕೂಗಿದೆ.

"ಒಂಬತ್ತಿದೆ ಟೀಚರ್. ಅಳತೆ ಅತ್ತೆ ಈಗ ತಾನೆ ಹೇಳಿದ್ರು" ಎಂದು ಇಸ್ತ್ರಿಯಣ್ಣ ನನ್ನನ್ನೇ ಸಮಾಧಾನ ಮಾಡಿದ.

"ಅವಳೇ ಇಲ್ಲಿದಾಳಲ್ಲ, ಕೇಳಿ."

ಎಲ್ಲರೂ ಅವಳತ್ತ ತಿರುಗಿದರು. ಅತ್ತೆಗೆ ಉಸಿರು ಸಿಗುತ್ತಿರಲಿಲ್ಲ. ಆಡಿದ ಮಾತು ಒಡೆದ ಮುತ್ತು ಅನ್ನುತ್ತಾರೆ. ಮೂವತ್ತೊಂದು ವರ್ಷದ ಮಾತನ್ನು ಅವಳು ಬೀದಿಯ ಮಧ್ಯೆ ನಿಂತು ಒಡೆಯಬೇಕಿತ್ತು.

"ನಾನು ತಪ್ಪು ಹೇಳಿದೆ" ಎಂದಳು. "ಹೊಸ ಮೆಟ್ಟಿಲು ಅರ್ಧ ಅಡಿ. ನಾನು ಗಮನಿಸಲಿಲ್ಲ. ಐದು ಆಗಲೇ ದಾಟಿಹೋಯ್ತು. ನನ್ನ ಬೈಯೋರು ಆಮೇಲೆ ಬೈರಿ, ಈಗ ಏಳಿ."

ಇಸ್ತ್ರಿಯಣ್ಣ ನಕ್ಕ. "ನೀವು ತಪ್ಪೋದು ಉಂಟಾ? ತಮಾಷೆ ಮಾಡ್ತೀರಿ."

ಅಷ್ಟರಲ್ಲಿ ಅವನ ಅಂಗಡಿಯ ಮುಂದಿನ ಚರಂಡಿ ಗುಳುಗುಳು ಎಂದಿತು. ಮುಚ್ಚಿದ್ದ ಚಪ್ಪಡಿ ಒಂದಿಷ್ಟು ಎದ್ದು, ಟಪ್ ಎಂದು ಕೂತು, ಮತ್ತೆ ಎದ್ದಿತು. ಸಂದಿಯಿಂದ ಕೆಂಪು ನೀರು ಬೀದಿಗೆ ಹರಿಯತೊಡಗಿತು. ಆಮೇಲೆ ಯಾರಿಗೂ ಯಾರೂ ಏನೂ ಹೇಳಬೇಕಾಗಲಿಲ್ಲ. ಊಟದ ತಟ್ಟೆ ಅಲ್ಲೇ ಬಿತ್ತು, ತಾಯಿ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಓಡಿದಳು, ಅವಳ ಹಿಂದೆ ಬೀದಿಗೆ ಬೀದಿಯೇ ಓಡಿತು.

ನಾವು ಎದುರು ದಿಕ್ಕಿಗೆ, ತಗ್ಗಿಗೆ ಇಳಿದೆವು. ಕಾಲು ಮುಳುಗುವಷ್ಟಿದ್ದ ನೀರು ಅಕ್ಕನ ಬಾಗಿಲಿಗೆ ಬರುವಷ್ಟರಲ್ಲಿ ಮಂಡಿಗೆ ಬಂತು. ತಣ್ಣಗಿತ್ತು, ಒಂದೇ ಸಮನೆ ತಳ್ಳುತ್ತಿತ್ತು. ಬಾಗಿಲು ನೂಕಿದರೆ ತೆರೆಯಲಿಲ್ಲ. ಒಳಗೂ ನೀರು. ಬಚ್ಚಲ ತೂಬಿನಿಂದ ಮನೆಯೊಳಗೇ ಹೊಳೆ ಹುಟ್ಟಿತ್ತು.

"ಅಕ್ಕಾ" ಎಂದು ಕೂಗಿದೆ.

"ಇದೀನಿ. ಊರುಗೋಲು ತೇಲಿಹೋಯ್ತು ಕಣೆ" ಎಂದಿತು ಒಳಗಿನ ದನಿ. ಎಷ್ಟು ಸಾವಧಾನವಾಗಿ ಹೇಳಿದಳೆಂದರೆ ನನಗೆ ಅಳು ಬಂತು. ಕೋಪವೂ ಬಂತು.

ಭುಜ ಕೊಟ್ಟು ನೂಕಿದೆವು, ಅತ್ತೆಯೂ ನಾನೂ. ಒಂದು ಗೇಣು ಸರಿಯಿತು, ಮತ್ತೆ ಮುಚ್ಚಿಕೊಂಡಿತು. ಹಿಂದಿನಿಂದ ಯಾರೋ ನನ್ನನ್ನು ಪಕ್ಕಕ್ಕೆ ಸರಿಸಿದರು. ಇಸ್ತ್ರಿಯಣ್ಣ ವಾಪಸ್ ಬಂದಿದ್ದ. "ಟೀಚರ್, ಬೈಯೋದು ಬಿಟ್ಟು ಒಟ್ಟಿಗೆ ನೂಕಿ" ಎಂದ. ನಾನು ಬೈಯುತ್ತಿದ್ದೆ ಎಂದು ನನಗೆ ಆಗಲೇ ಗೊತ್ತಾಗಿದ್ದು.

ಅಕ್ಕ ಹೊಲಿಗೆಯ ಮೇಜಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಮಷಿನ್ನು. ಅತ್ತೆಯನ್ನು ಕಂಡು, "ಐದಾಯ್ತಾ ಅತ್ತೆ? ಮೈಕು ಕೇಳಿಸಲೇ ಇಲ್ಲ" ಎಂದಳು. ಅತ್ತೆ ಮಷಿನ್ನು ಕಿತ್ತು ಅಟ್ಟಕ್ಕೆ ನೂಕಿದಳು. ಅಕ್ಕನನ್ನು ಮರದ ಕುರ್ಚಿಯಲ್ಲಿ ಕೂರಿಸಿ ಸೀರೆಯಿಂದ ಕಟ್ಟಿದೆವು. ಹೊರಗೆ ಬಂದಾಗ ನೀರು ಸೊಂಟಕ್ಕೆ. ಮುಂದಿನ ಕಾಲೆರಡು ಇಸ್ತ್ರಿಯಣ್ಣ, ಹಿಂದಿನವು ನಾವಿಬ್ಬರು. ಕಾಲ ಕೆಳಗೆ ಏನಿದೆಯೋ ಕಾಣುವುದಿಲ್ಲ. ಒಂದೊಂದು ಹೆಜ್ಜೆಗೂ ಇಲ್ಲಿ ಚರಂಡಿ ಬಾಯಿ ತೆರೆದಿದ್ದರೆ ಎಂಬ ಭಯ. ನಡುವೆ ಅತ್ತೆ ಜಾರಿದಳು. ಕುರ್ಚಿ ವಾಲಿ ಅಕ್ಕನ ಮುಖ ನೀರಿಗೆ ಹೋಯಿತು. ಕಟ್ಟಿದ್ದೇವೆ, ಅವಳು ಬಿಡಿಸಿಕೊಳ್ಳಲಾರಳು. ಅಷ್ಟು ಹೊತ್ತು, ಒಂದು, ಎರಡು, ಮೂರು ಎನ್ನುವಷ್ಟು ಹೊತ್ತು, ನನ್ನಕ್ಕ ನನ್ನ ಕೈಯಲ್ಲೇ ಮುಳುಗಿದ್ದಳು. ಆ ಮೂರನ್ನು ನಾನು ಸಾಯುವ ತನಕ ಎಣಿಸುತ್ತೇನೆ. ಆಮೇಲೆ ಅತ್ತೆ ಎದ್ದಳು, ಕುರ್ಚಿ ಎದ್ದಿತು, ಅಕ್ಕ ಕೆಮ್ಮಿದಳು. "ಮೆಲ್ಲಗೆ ಹೊರ್ರೋ, ನಾನೇನು ಅಕ್ಕಿ ಮೂಟೆನಾ" ಎಂದಳು. ಯಾರಿಗೂ ನಗು ಬರಲಿಲ್ಲ.

ಉಗ್ರಾಣ ಸೇರಿದಾಗ ಒಂದು ಗಂಟೆ. ತಲೆ ಎಣಿಸಿದೆವು. ಹಿಂದಿನ ಬೀದಿಯ ಒಬ್ಬರೂ ಉಳಿದಿರಲಿಲ್ಲ, ಎಲ್ಲರೂ ಬಂದಿದ್ದರು. ಅತ್ತೆಯನ್ನು ಯಾರೂ ಬೈಯಲಿಲ್ಲ. ಅವಳೇ ಒಬ್ಬೊಬ್ಬರ ಮುಂದೆ ಹೋಗಿ, "ನಾನು ತಪ್ಪು ಹೇಳಿದ್ದು" ಎನ್ನುತ್ತ ಬಂದಳು. ಬಿಡಿ ಅತ್ತೆ, ಓಡಿ ಬಂದು ಎಬ್ಬಿಸಿದವರು ನೀವೇ ಅಲ್ವಾ ಎಂದು ಅವರು ಅವಳ ತಲೆ ಒರೆಸಲು ಟವೆಲ್ ಕೊಟ್ಟರು. ಅದು ಅವಳಿಗೆ ಬೈಗುಳಕ್ಕಿಂತ ಕಷ್ಟವಾಗುತ್ತಿತ್ತು, ನೋಡಿದರೆ ತಿಳಿಯುತ್ತಿತ್ತು.

ಮೂರು ಗಂಟೆಗೆ ಮುಂದಿನ ಹೊಳೆ ಕೊನೆಯ ಮೆಟ್ಟಿಲನ್ನೂ ನುಂಗಿ ಪೇಟೆಗೆ ಕಾಲಿಟ್ಟಿತು. ಪೇಟೆಯವರೂ ಮೇಲೆ ಬಂದರು. ಇನ್ನೂರಕ್ಕೂ ಮೇಲೆ ಜನ ಒಂದೇ ಕಲ್ಲಿನ ಹಜಾರದಲ್ಲಿ. ಉಗ್ರಾಣದ ಗೋಡೆಯಲ್ಲಿ, ಕಿಟಕಿಯ ಮಟ್ಟಕ್ಕೆ, ಹಳೆಯ ಕಾಲದ ಪ್ರವಾಹದ ಗೆರೆಯೊಂದು ಕೆತ್ತಿದೆ. ಎಲ್ಲರ ಕಣ್ಣೂ ಆ ಗೆರೆಯ ಮೇಲೆ. ನೀರು ಇಲ್ಲಿಗೂ ಬರುವುದಾದರೆ ಈಗಲೇ ಹೊರಡಬೇಕು. ಸೇತುವೆಯೊಂದೇ ದಾರಿ, ಅದು ನಡುಗುತ್ತಿದೆ ಎಂದು ನೋಡಿ ಬಂದವರು ಹೇಳಿದರು. ಬರುವುದಿಲ್ಲವಾದರೆ ಇಲ್ಲಿಂದ ಕದಲಬಾರದು. ಕೂಸುಗಳು, ಬಸುರಿಯರು, ನಮ್ಮಕ್ಕ, ಎಲ್ಲರ ಜೀವವೂ ಇದೊಂದರ ಮೇಲೆ ನಿಂತಿತ್ತು.

"ಅಳತೆ ಅತ್ತೆ, ಹೇಳಿ. ಇಲ್ಲಿಗೆ ಬರುತ್ತಾ?" ಎಂದು ಮಗುವಿನ ತಾಯಿ ಕೇಳಿದಳು.

ಅತ್ತೆ ಗೋಡೆಯ ಗೆರೆಯನ್ನೊಮ್ಮೆ ನೋಡಿದಳು.

"ಗೊತ್ತಿಲ್ಲ ಕಣಮ್ಮ" ಎಂದಳು.

ಅವಳ ಬಾಯಲ್ಲಿ ಆ ಮಾತು ಯಾರೂ ಕೇಳಿರಲಿಲ್ಲ. ಕೂತಿದ್ದವರೆಲ್ಲ ಎದ್ದು ನಿಂತರು. ಬಾಗಿಲ ಕಡೆ ನೂಕಾಟ ಶುರುವಾಯಿತು, ಯಾರದೋ ಮಗು ಕಾಲಡಿ ಸಿಕ್ಕಿ ಕಿರುಚಿತು. ನೀರು ಬರುವ ಮೊದಲೇ ಇಲ್ಲಿ ಹೆಣ ಬೀಳುತ್ತದೆ ಎನ್ನಿಸಿತು. ನಾನು ಕ್ಲಾಸಿನಲ್ಲಿ ಕೂಗುವ ಹಾಗೆ ಕೂಗಿದೆ. "ನಿಲ್ಲಿ. ಅಳೆದು ಬಂದು ಹೇಳ್ತೀವಿ. ಅಲ್ಲೀತನಕ ಒಬ್ಬರೂ ಕದಲಬೇಡಿ."

ಅತ್ತೆಯನ್ನು ಎಳೆದುಕೊಂಡೇ ಹೊರಗೆ ಹೋದೆ. ಉಗ್ರಾಣದ ಇಳಿಜಾರಿನಲ್ಲಿ, ನೀರು ಮುಟ್ಟಿದ್ದ ಗೋಡೆಗೆ ಇಟ್ಟಿಗೆ ಚೂರಿನಿಂದ ಗೆರೆ ಎಳೆದೆವು. ಕಾಲು ಗಂಟೆ ಕಾದೆವು. ನೀರು ಗೆರೆಯ ಮೇಲೆ ಎರಡು ಬೆರಳು ಏರಿತು. ಇನ್ನೊಂದು ಗೆರೆ, ಇನ್ನೊಂದು ಕಾಲು ಗಂಟೆ. ಅರ್ಧ ಬೆರಳು. ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದಳು. "ನನ್ನ ಕಣ್ಣು ಬೇಡ. ನೀನೇ ನೋಡು." ಮೂರನೆಯ ಗೆರೆ ಎಳೆದೆ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ನೀರು ಗೆರೆಯ ಮಟ್ಟದಲ್ಲೇ ಇತ್ತು. ಬಗ್ಗಿ ನೋಡಿದೆ, ಕೂತು ನೋಡಿದೆ. ಅಲೆ ಬಡಿಯುತ್ತಿತ್ತು, ಒಮ್ಮೆ ಮೇಲೆ ಎನ್ನಿಸಿತು, ಒಮ್ಮೆ ಕೆಳಗೆ.

"ನಿಂತಿದೆ ಅನ್ಸುತ್ತೆ" ಎಂದೆ.

"ಅನ್ಸುತ್ತೆ ಅಂತ ಅಲ್ಲಿ ಹೇಳೋಕಾಗಲ್ಲ ಕಣೆ" ಎಂದಳು ಅತ್ತೆ. "ನಿಂತಿದೆ ಅನ್ನಬೇಕು, ಇಲ್ಲ ಹೊರಡಿ ಅನ್ನಬೇಕು. ನೀನೇ ಹೇಳು. ನನ್ನ ಬಾಯಿ ಮೇಲೆ ನನಗೆ ನಂಬಿಕೆ ಹೋಗಿದೆ."

ಒಳಗೆ ಹೋದೆವು. ಇನ್ನೂರು ಮುಖ ನನ್ನತ್ತ ತಿರುಗಿದವು. ನಲವತ್ತು ಮಕ್ಕಳನ್ನು ಒಂದೇ ದನಿಯಲ್ಲಿ ಕೂರಿಸುವವಳು ನಾನು, ಹೊಳೆ ಕಾಯುವ ಈ ಹೆಂಗಸನ್ನು ಪುಕ್ಕಲಿ, ಪುಕ್ಕಲಿ ಎಂದು ಚಿಕ್ಕಂದಿನಿಂದ ಆಡಿಕೊಂಡವಳು. ಮೂರು ಹೊತ್ತು, ಮೂವತ್ತೊಂದು ವರ್ಷ, ಇವಳು ಇದನ್ನು ಹೇಗೆ ಮಾಡಿದಳು?

"ನಿಂತಿದೆ" ಎಂದೆ. "ಇಲ್ಲಿಗೆ ಬರಲ್ಲ. ಕೂತ್ಕೊಳ್ಳಿ."

ಕೂತರು. ಒಬ್ಬರೂ ಎರಡನೇ ಮಾತು ಕೇಳಲಿಲ್ಲ. ಮಗುವಿನ ತಾಯಿ ಚಾಪೆ ಬಿಡಿಸಿದಳು. ಇಸ್ತ್ರಿಯಣ್ಣ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ನಮ್ಮಕ್ಕ, ಓಡಲಾಗದವಳು, ಅಲ್ಲೇ ಮಗ್ಗುಲಾಗಿ ಎರಡೇ ನಿಮಿಷದಲ್ಲಿ ನಿದ್ದೆ ಹೋದಳು. ಅಷ್ಟು ಜನ ನನ್ನ ಒಂದು ಮಾತಿನ ಮೇಲೆ ಮೈ ಚಾಚಿಬಿಟ್ಟರು. ನನಗೆ ಕೂರಲಾಗಲಿಲ್ಲ. ಅತ್ತೆಯ ಕೈ ಹಿಡಿದುಕೊಂಡು, ಯಾರಿಗೂ ಗೊತ್ತಾಗದ ಹಾಗೆ, ಮತ್ತೆ ನೋಡಲು ಹೊರಗೆ ಹೋದೆ.